ಮರದ ಕಿಟಕಿ ಕೀಳಬೇಡಿ: ಮೊದಲು ಬಿಸಿಲು, ಆಮೇಲೆ ಸಂದು, ಕೊನೆಗೆ ಗಾಜು – ಸಮಗ್ರ ಮಾರ್ಗದರ್ಶಿ

ಪಡುವಣಕ್ಕೆ ಕಿಟಕಿಯಿರುವ ಕೋಣೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಕಾಯತೊಡಗಿದರೆ ರಾತ್ರಿ ಹತ್ತಾದರೂ ಆರುವುದಿಲ್ಲ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ, ಏಸಿ ಇದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಹಳೇ ಕಿಟಕಿ ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿ. ಒಪ್ಪುವ ಮುನ್ನ ಎರಡು ವಿಷಯ ತಿಳಿದಿರಲಿ. ತೇಗದ ಮರಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ಎರಡು ಹಳಿಯ ಸ್ಲೈಡಿಂಗ್ ಕಿಟಕಿ ಪೂರ್ತಿ ತೆರೆದರೂ ಅರ್ಧ ಜಾಗದಲ್ಲಷ್ಟೇ ಗಾಳಿಯಾಡುತ್ತದೆ. ಹೊರಕ್ಕೆ ತೆರೆಯುವ ಮರದ ಕಿಟಕಿಯಲ್ಲಿ ಪೂರ್ತಿ ಜಾಗವೂ ಸಿಗುತ್ತದೆ. ತೇಗ, ಹೊನ್ನೆ, ಮತ್ತಿ, ಹಲಸು – ಯಾವ ಮರದ್ದಾದರೂ ಸರಿ, ಚೌಕಟ್ಟು ಗಟ್ಟಿಯಾಗಿದ್ದರೆ ಅದನ್ನು ಉಳಿಸಿಕೊಂಡೇ ಕೋಣೆಯನ್ನು ತಂಪಾಗಿಸಬಹುದು. ಆದರೆ ಕೆಲಸದ ಕ್ರಮ ತಪ್ಪಬಾರದು. ಖರ್ಚು ಮಾಡಿಯೂ ಫಲ ಕಾಣದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಬಿಸಿ ಬರುವುದು ಎಲ್ಲಿಂದ

ಹಳೆಯ ಕಿಟಕಿಗಳಲ್ಲಿರುವುದು ಹೆಚ್ಚಾಗಿ 3 ಮಿ.ಮೀ. ಸಾದಾ ಗಾಜು. ಅದರ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಸುಮಾರು ಶೇ. 85ರಷ್ಟು ನೇರ ಒಳಗೆ ಬರುತ್ತದೆ. ಬೇಸಿಗೆಯ ತಿಳಿ ಮಧ್ಯಾಹ್ನ ಪಡುವಣ ಗೋಡೆಯ ಮೇಲೆ ಚದರ ಮೀಟರಿಗೆ 600 ವ್ಯಾಟ್ ಆಸುಪಾಸು ಬಿಸಿಲು ಬೀಳುತ್ತದೆ. ಅಂದರೆ ನೆರಳಿಲ್ಲದ ಒಂದು ಚದರ ಮೀಟರ್ ಗಾಜು ಕೋಣೆಗೆ ಸುಮಾರು 500 ವ್ಯಾಟ್ ಶಾಖ ಸುರಿಯುತ್ತದೆ. ಹೊರಗಿನ ಗಾಳಿ ಒಳಗಿನದಕ್ಕಿಂತ 10 ಡಿಗ್ರಿ ಬಿಸಿಯಿದ್ದಾಗ ಅದೇ ಗಾಜಿನ ಮೈಯಿಂದ ದಾಟಿ ಬರುವ ಶಾಖ 57 ವ್ಯಾಟ್ ಮಾತ್ರ. ಒಂಬತ್ತು ಪಟ್ಟು ಅಂತರ. ಹಾಗಾಗಿ ಬಿಸಿಲನ್ನು ತಡೆಯದೆ ದುಬಾರಿ ಜೋಡಿಗಾಜು (ನಡುವೆ ಜಾಗ ಬಿಟ್ಟು ಜೋಡಿಸಿದ ಎರಡು ಗಾಜು) ಹಾಕಿಸಿದರೆ ಸಣ್ಣ ಸೋರಿಕೆ ಮುಚ್ಚಿ ದೊಡ್ಡದನ್ನು ಬಿಟ್ಟಂತಾಗುತ್ತದೆ.

ಸಂದುಗಳ ಲೆಕ್ಕವೂ ಕಡಿಮೆಯದಲ್ಲ. 3 ಅಡಿ ಅಗಲ, 4 ಅಡಿ ಎತ್ತರದ ಎರಡು ಬಾಗಿಲಿನ ಕಿಟಕಿಯಲ್ಲಿ ಸುತ್ತಲಿನ 14 ಅಡಿ ಮತ್ತು ಬಾಗಿಲುಗಳು ಸೇರುವ ನಡುವಿನ 4 ಅಡಿ, ಒಟ್ಟು 18 ಅಡಿ ಸಂದು ಇರುತ್ತದೆ. ಮೀಟರ್ ಲೆಕ್ಕದಲ್ಲಿ ಐದೂವರೆ. ಅದು ಉದ್ದಕ್ಕೂ 3 ಮಿ.ಮೀ. ಬಾಯಿಬಿಟ್ಟಿದ್ದರೆ ಗೋಡೆಯಲ್ಲಿ ಐದಿಂಚು ಚೌಕದ ತೂತು ಕೊರೆದಿಟ್ಟಷ್ಟು ಜಾಗ. ಏಸಿ ಕೋಣೆಯಲ್ಲಿ ಇದು ನೇರವಾಗಿ ಕರೆಂಟ್ ಬಿಲ್ಲಿಗೆ ಸೇರುತ್ತದೆ.

ಮೊದಲ ಕೆಲಸ: ಗಾಜಿನ ಹೊರಗೆ ನೆರಳು

ಪರದೆಯನ್ನು ಒಳಗೆ ಕಟ್ಟಿದರೆ ಗಾಜು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸುತ್ತದೆ, ಕಾದ ಪರದೆ ಕೋಣೆಯನ್ನು ಕಾಯಿಸುತ್ತದೆ. ಅದೇ ತಡೆ ಹೊರಗಿದ್ದರೆ ಬಿಸಿ ಹೊರಗೇ ಉಳಿಯುತ್ತದೆ. ಬಾಡಿಗೆ ಮನೆಯಲ್ಲಿ ಹೊರಗೆ ಮೊಳೆ ಹೊಡೆಯಲಾಗದವರು ಬೆನ್ನಿಗೆ ಬಿಳಿ ಅಸ್ತರಿರುವ ಪರದೆಯನ್ನು ಗಾಜಿಗೆ ಆದಷ್ಟು ಹತ್ತಿರ ಕಟ್ಟಲಿ. ಉಳಿದವರು ಹೊರಗಿನಿಂದಲೇ ಶುರುಮಾಡಬೇಕು.

ಯಾವ ಕಿಟಕಿಗೆ ಮೊದಲು? ಪಡುವಣಕ್ಕೆ, ಆಮೇಲೆ ಮೂಡಣಕ್ಕೆ. ತೆಂಕಣ ಕಿಟಕಿಗೆ ಬೇಸಿಗೆಯಲ್ಲಿ ಸಜ್ಜಾ ಒಂದೇ ಸಾಕು. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನ ನಡುಹಗಲ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಉತ್ತರಕ್ಕೇ ಸರಿದಿರುತ್ತಾನೆ. ಪಡುವಣದಲ್ಲಿ ಸಜ್ಜಾ ಸೋಲುತ್ತದೆ. ಮೇ ಮೊದಲ ವಾರ ಬೆಂಗಳೂರಿನಲ್ಲಿ ಸಂಜೆ 4 ಗಂಟೆಗೆ ಸೂರ್ಯ ಸುಮಾರು 36 ಡಿಗ್ರಿ ಎತ್ತರದಲ್ಲಿರುತ್ತಾನೆ. 2 ಅಡಿ ಸಜ್ಜಾದ ನೆರಳು ಆಗ ಕೆಳಗಿಳಿಯುವುದು ಒಂದೂವರೆ ಅಡಿಯಷ್ಟೇ. 5 ಗಂಟೆಗೆ 22 ಡಿಗ್ರಿ. ನೆರಳು 10 ಇಂಚಿಗಿಂತ ಕಡಿಮೆ. 4 ಅಡಿ ಕಿಟಕಿಯ ಉಳಿದ ಭಾಗವೆಲ್ಲ ಬಿಸಿಲಿಗೆ ಬಿಟ್ಟದ್ದು. ಅಲ್ಲಿಗೆ ಇಳಿಬಿಡುವಂಥ ತಡೆ ಬೇಕು.

ಬಿದಿರಿನ ಚಿಕ್ ಪರದೆ ಎಲ್ಲಕ್ಕಿಂತ ಸುಲಭ. 3×4 ಅಡಿ ಕಿಟಕಿಗೆ 4 ಅಡಿ ಅಗಲ, 5 ಅಡಿ ಉದ್ದದ್ದು ತನ್ನಿ. ಪಕ್ಕದಿಂದ ಓರೆಯಾಗಿ ನುಗ್ಗುವ ಬಿಸಿಲಿಗೆ ಅರ್ಧರ್ಧ ಅಡಿ ಹೆಚ್ಚುವರಿ ಬೇಕು. ಅದನ್ನು ಗೋಡೆಗೆ ತಾಗಿಸಿ ಕಟ್ಟಬಾರದು. ಸಜ್ಜಾದ ಹೊರತುದಿಯ ಅಡಿಮೈಗೆ ಪ್ಲಗ್ ಹಾಕಿ ಎರಡು ಕೊಕ್ಕೆ ತಿರುಗಿಸಿ ಅಲ್ಲಿಂದ ಇಳಿಬಿಡಿ. ಪರದೆ ಮತ್ತು ಕಿಟಕಿಯ ನಡುವೆ ಕಡೇಪಕ್ಷ 4 ಇಂಚು ಜಾಗವಿದ್ದು, ಮೇಲೂ ಪಕ್ಕದಲ್ಲೂ ತೆರೆದಿದ್ದರೆ ಕಾದ ಗಾಳಿ ಹೊರಹೋಗುತ್ತದೆ. ಇನ್ನೊಂದು ಅಳತೆ ಮರೆಯಬೇಡಿ: 3 ಅಡಿ ಕಿಟಕಿಯ ಒಂದೊಂದು ಬಾಗಿಲೂ ಒಂದೂವರೆ ಅಡಿ ಅಗಲ, ತೆರೆದಾಗ ಅಷ್ಟು ಹೊರಚಾಚುತ್ತದೆ. 2 ಅಡಿ ಸಜ್ಜಾದ ತುದಿಯಲ್ಲಿ ಪರದೆಯಿದ್ದರೆ ಬಾಗಿಲು ತಾಗದೆ ತೆರೆಯುತ್ತದೆ. ಸಜ್ಜಾ ಒಂದೂವರೆ ಅಡಿಯದ್ದಾದರೆ ತಾಗುತ್ತದೆ. ಆಗ ಎಲ್ ಆಕಾರದ ಕಬ್ಬಿಣದ ತುಂಡು ಕೂರಿಸಿ ಪರದೆಯನ್ನು ಇನ್ನಷ್ಟು ಮುಂದಕ್ಕೆ ತರಬೇಕು. ಕೆಳತುದಿಯನ್ನು ಎರಡು ಹಗ್ಗದಿಂದ ಗೋಡೆಯ ಕೊಕ್ಕೆಗೆ ಕಟ್ಟಿ. ಕಟ್ಟದಿದ್ದರೆ ಮುಂಗಾರಿಗೆ ಮುಂಚಿನ ಗಾಳಿಗೆ ಪರದೆ ಬಡಿದಾಡಿ ಮೊದಲ ವರ್ಷವೇ ಹರಿಯುತ್ತದೆ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಒಣ ಸೆಕೆಗೆ ಲಾವಂಚದ ತಟ್ಟಿಗೆ ಸಾಟಿಯಿಲ್ಲ. ನೀರು ಚಿಮುಕಿಸಿ ಕಿಟಕಿ ತೆರೆದಿಟ್ಟರೆ ಒಳಬರುವ ಗಾಳಿ ನಿಜವಾಗಿಯೂ ತಣ್ಣಗಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಇದು ಬೇಡ: ಅಲ್ಲಿನ ಗಾಳಿಯಲ್ಲೇ ತೇವ ತುಂಬಿರುವುದರಿಂದ ನೀರು ಬೇಗ ಆವಿಯಾಗುವುದಿಲ್ಲ, ಮರಕ್ಕೆ ಬೂಷ್ಟು ಹಿಡಿಯುತ್ತದೆ. ತೀರಾ ಕಡಿಮೆ ಖರ್ಚಿನಲ್ಲಿ ಮುಗಿಸಬೇಕಾದವರು ಶೇ. 75ರ ಶೇಡ್ ನೆಟ್ಟನ್ನು ಮರದ ರೀಪರ್ ಚೌಕಟ್ಟಿಗೆ ಬಿಗಿದು ನಿಲ್ಲಿಸಬಹುದು.

ಗಾಜಿಲ್ಲದ, ಪೂರ್ತಿ ಹಲಗೆಯ ಬಾಗಿಲಿನ ಕಿಟಕಿಯಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆಯೇ. ಹೊರಮೈಗೆ ಮಾತ್ರ ತಿಳಿ ಬಣ್ಣ ಹೊಡೆಸಿ. ಗಾಢ ಕಂದು ಅಥವಾ ಹಸಿರು ಹಲಗೆ ಬಿಸಿಲು ಹೀರಿ ಕಾಯುತ್ತದೆ, ಕಾದು ಕಾದು ಬಾಗುತ್ತದೆ.

ಸಂದು ಮುಚ್ಚುವ ಮುನ್ನ

ಗ್ಯಾಸ್ ಗೀಸರ್ ಇರುವ ಬಚ್ಚಲು, ಗ್ಯಾಸ್ ಒಲೆಯ ಅಡುಗೆಮನೆ, ಸೌದೆ ಉರಿಸುವ ಅಥವಾ ಚಳಿಗೆ ಕೆಂಡ ಇಟ್ಟುಕೊಳ್ಳುವ ಕೋಣೆ – ಇಲ್ಲಿ ಕಿಟಕಿಯ ಸಂದನ್ನಾಗಲೀ ವೆಂಟಿಲೇಟರನ್ನಾಗಲೀ ಮುಚ್ಚಲೇಬೇಡಿ. ಉರಿಗೆ ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಗೀಸರನ್ನು ಹೊರಗೆ ಕೂರಿಸಿ ನೀರಿನ ಪೈಪು ಮಾತ್ರ ಒಳತರುವವರೆಗೆ ಆ ಕಿಟಕಿಯ ಕಡೆ ಕೈಹಾಕಬೇಡಿ.

ಎರಡನೆಯದು ಹಳೆಯ ಬಣ್ಣ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರಲ್ಲಿ. ಅದಕ್ಕೆ ಮುಂಚಿನ ಎಣ್ಣೆಬಣ್ಣದಲ್ಲಿ ಸೀಸವಿದೆಯೆಂದೇ ತಿಳಿದು ನಡೆಯಿರಿ. ಒಣಗಿದ್ದಂತೆ ಉಜ್ಜಬೇಡಿ, ನೀರು ಹಚ್ಚಿ, ನೀರಿನಲ್ಲಿ ಉಜ್ಜುವ ಉಪ್ಪುಕಾಗದವನ್ನೇ ಬಳಸಿ. ಎನ್95 ಮಾಸ್ಕ್ ಇರಲಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಕೊನೆಗೆ ಕಸವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಅಷ್ಟು ಹೊತ್ತು ಮಕ್ಕಳು, ಬಸುರಿಯರು ಆ ಕೋಣೆಯಲ್ಲಿರಬಾರದು.

ಮೂರನೆಯದು ಮರದ ಆರೋಗ್ಯ. ಚೌಕಟ್ಟಿನ ಕೆಳಮೂಲೆಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತುದಿ ಸಲೀಸಾಗಿ ಒಳಹೋದರೆ ಮರ ಲಡ್ಡಾಗಿದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು, ಸಣ್ಣ ತೂತಿನಿಂದ ಹಿಟ್ಟು ಉದುರಿದರೆ ಕುಟ್ಟೆ ಹುಳು. ಇವಕ್ಕೆ ಚಿಕಿತ್ಸೆ ಮಾಡಿಸಿ, ಕೆಟ್ಟ ತುಂಡು ಕತ್ತರಿಸಿ ಬಡಗಿಯಿಂದ ಹೊಸ ತುಂಡು ಕೂರಿಸಿದ ಮೇಲೆ ಮುಂದಿನ ಹೆಜ್ಜೆ.

ಬಾಗಿಲು ನೆಟ್ಟಗೆ ಕೂರಬೇಕು

ಸೋರುವ ಕಿಟಕಿಗೆ ನೇರವಾಗಿ ರಬ್ಬರ್ ಅಂಟಿಸಲು ಹೊರಡುತ್ತೇವೆ. ಬಾಗಿಲು ಜೋತಿದ್ದರೆ ಸಂದು ಮೇಲೆ ಒಂದು ಅಳತೆ, ಕೆಳಗೆ ಒಂದು ಅಳತೆ ಇರುತ್ತದೆ. ಅಂಥ ಸಂದನ್ನು ಯಾವ ರಬ್ಬರೂ ಮುಚ್ಚಲಾರದು. ಹಿಂಜ್‌ಗಳ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿ ನೋಡಿ. ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ ತೂತು ಅಗಲವಾಗಿದೆ. ಸ್ಕ್ರೂ ತೆಗೆದು, ಬಿದಿರಿನ ಅಥವಾ ತೇಗದ ಕಡ್ಡಿಯನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿನೊಳಗೆ ಹೊಡೆದು, ಒಂದು ದಿನ ಒಣಗಲು ಬಿಟ್ಟು, ಮೇಲೆದ್ದ ಭಾಗ ಕತ್ತರಿಸಿ, ಹೊಸದಾಗಿ ಸಣ್ಣ ತೂತು ಕೊರೆದು ಮೊದಲಿನದಕ್ಕಿಂತ ಕಾಲಿಂಚು ಉದ್ದದ ಸ್ಕ್ರೂ ಹಾಕಿ.

ಬಾಗಿಲು ಚೌಕಟ್ಟಿಗೆ ಒರೆಸುತ್ತಿದ್ದರೆ ಉಜ್ಜುಗೊರಡು ಎತ್ತುವ ಮುಂಚೆ ತಿಂಗಳು ನೋಡಿ. ಮಲೆನಾಡು, ಕರಾವಳಿಗಳಲ್ಲಿ ಜುಲೈ ತಿಂಗಳ ಮರ ತೇವ ಕುಡಿದು ಉಬ್ಬಿರುತ್ತದೆ. ಆಗ ಕೆತ್ತಿಸಿದರೆ ಬೇಸಿಗೆಗೆ ಮರ ಕುಗ್ಗಿ, ಮೊದಲಿಗಿಂತ ದೊಡ್ಡ ಸಂದು ಬಿಡುತ್ತದೆ. ಕೆತ್ತುವ ಕೆಲಸಕ್ಕೆ ಮಳೆ ನಿಂತು ಎರಡು ತಿಂಗಳಾದರೂ ಕಳೆಯಬೇಕು. ಹಲವು ಪದರ ಬಣ್ಣವೇ ದಪ್ಪವಾಗಿ ಒರೆಸುವುದೂ ಉಂಟು. ಅಲ್ಲಿ ಬಣ್ಣ ತೆಗೆದರೆ ಸಾಕು.

ರಬ್ಬರ್ ಪಟ್ಟಿ ಅಂಟಿಸುವುದು

ಸೋರುವ ಜಾಗ ಹುಡುಕಲು ಉಳಿದ ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಹಚ್ಚಿದ ಊದುಬತ್ತಿಯನ್ನು ಸಂದಿನುದ್ದಕ್ಕೂ ನಿಧಾನವಾಗಿ ನಡೆಸಿ. ಹೊಗೆ ಅಡ್ಡಲಾಗಿ ಒಳಕ್ಕೆ ಹಾಯುವಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಪರದೆ ಹತ್ತಿರವಿರದಂತೆ ನೋಡಿಕೊಳ್ಳಿ.

ಸಂದಿನ ಅಳತೆಗೆ ಗೋಧಿಹಿಟ್ಟಿನ ಗಟ್ಟಿ ಕಣಕ ಸಾಕು. ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಚೌಕಟ್ಟಿನಲ್ಲಿ ಬಾಗಿಲು ಬಂದು ಕೂರುವ ಕಚ್ಚಿನ ಮೇಲಿಟ್ಟು, ಚಿಲಕ ಹಾಕಿ, ತೆರೆದು, ಚಪ್ಪಟೆಯಾದ ದಪ್ಪವನ್ನು ಅಳೆಯಿರಿ. ಒಂದೊಂದು ಬದಿಯಲ್ಲೂ ಮೂರು ಕಡೆ ಅಳೆಯಬೇಕು.

ಪಟ್ಟಿ ಬಿಸಿಲು ತಾಳುವ ಇಪಿಡಿಎಂ ರಬ್ಬರಿನದ್ದಾಗಿರಲಿ. ಅಗ್ಗದ ಸ್ಪಂಜಿನ ಟೇಪು ನಮ್ಮ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಅದರ ಅಂಟು ಮಾತ್ರ ಮರಕ್ಕೆ ಹಿಡಿದುಕೊಂಡು ಕಾಟ ಕೊಡುತ್ತದೆ. ಸಂದು 2ರಿಂದ 3.5 ಮಿ.ಮೀ. ಇದ್ದರೆ ಇಂಗ್ಲಿಷಿನ ಇ (E) ಆಕಾರದ ಪಟ್ಟಿ, 3ರಿಂದ 5 ಇದ್ದರೆ ಪಿ (P) ಆಕಾರದ್ದು, ಅದಕ್ಕೂ ದೊಡ್ಡದಕ್ಕೆ ಡಿ (D) ಆಕಾರದ್ದು. ಪಿ ಮತ್ತು ಡಿ ಒಳಗೆ ಟೊಳ್ಳಾಗಿರುತ್ತವೆ. ಮಳೆಗಾಲದಲ್ಲಿ ಮರ ಉಬ್ಬಿದಾಗ ಅವು ಅಮುಕಿಕೊಂಡು ಜಾಗ ಬಿಡುತ್ತವೆ. ಬೇಸಿಗೆಯ ಅಳತೆ ಹಿಡಿದು ಗಟ್ಟಿ ದಪ್ಪ ಪಟ್ಟಿ ಅಂಟಿಸಿದವರ ಕಿಟಕಿ ಆಷಾಢದಲ್ಲಿ ಮುಚ್ಚುವುದಿಲ್ಲ. ಬಲವಂತ ಮಾಡಿದರೆ ಹಿಂಜ್ ಕಿತ್ತುಬರುತ್ತದೆ.

ಮೇಲೆ ಹೇಳಿದ ಕಿಟಕಿಗೆ ಐದೂವರೆ ಮೀಟರ್ ಬೇಕು. ಮೂಲೆಗಳಲ್ಲಿ ಹಾಳಾಗುವುದೂ ಸೇರಿ 6 ಮೀಟರ್ ತನ್ನಿ. ಅಂಟಿಸುವ ಜಾಗವನ್ನು 120ರ, ಆಮೇಲೆ 180ರ ಉಪ್ಪುಕಾಗದದಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಕಾಲು ಗಂಟೆ ಆರಲು ಬಿಡಿ. ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶವಿದೆ. ಒರೆಸದಿದ್ದರೆ ಅಂಟು ನಿಲ್ಲುವುದಿಲ್ಲ. ಹೊಸ ಎಣ್ಣೆಬಣ್ಣವಾದರೆ ಎರಡು ವಾರ ಕಾಯಿರಿ. ಪಟ್ಟಿಯ ಬೆನ್ನಿನ ಕಾಗದವನ್ನು ಅಂಗೈಯಗಲ ಮಾತ್ರ ಬಿಡಿಸಿ, ಒತ್ತುತ್ತಾ, ಬಿಡಿಸುತ್ತಾ ಮುಂದೆ ಹೋಗಿ. ಎಳೆಯಬಾರದು: ಎಳೆದು ಅಂಟಿಸಿದ ರಬ್ಬರ್ ಕೆಲವೇ ದಿನಗಳಲ್ಲಿ ಹಿಂಜರಿದು ಮೂಲೆಗಳಲ್ಲಿ ಬಾಯಿಬಿಡುತ್ತದೆ. ಮೂಲೆಯಲ್ಲಿ 45 ಡಿಗ್ರಿಗೆ ಕತ್ತರಿಸಿ ಜೋಡಿಸಿ. ಹಿಂಜ್ ಇರುವ ಬದಿಯಲ್ಲಿ ದಪ್ಪ ಪಟ್ಟಿ ಬೇಡ, ಬಾಗಿಲು ಸೆಟೆದು ನಿಲ್ಲುತ್ತದೆ. ಅಲ್ಲಿ ಇ ಆಕಾರದ ತೆಳುವಾದದ್ದೇ ಸಾಕು. ನಡುಸಾಲಿನಲ್ಲಿ, ಮೊದಲು ಮುಚ್ಚುವ ಬಾಗಿಲಿನ ಕಚ್ಚಿಗೆ ಅಂಟಿಸಿ.

ಇಷ್ಟಾದ ಮೇಲೂ ಊದುಬತ್ತಿಯ ಹೊಗೆ ಅಲ್ಲಾಡುತ್ತಿದ್ದರೆ ತಪ್ಪು ಚಿಲಕದ್ದು. ಬಾಗಿಲು ರಬ್ಬರಿಗೆ ಒತ್ತಿ ನಿಲ್ಲುವಂತೆ ಚಿಲಕದ ತೂತನ್ನು ಕೋಣೆಯ ಕಡೆಗೆ 1–2 ಮಿ.ಮೀ. ಸರಿಸಿ ಕೊರೆಯಬೇಕು. ಒಂದೇ ಚಿಲಕವಿರುವ ಬಾಗಿಲಿಗೆ ಮೇಲೊಂದು ಕೆಳಗೊಂದು ಇರಲಿ. 4 ಅಡಿ ಎತ್ತರದ ಬಾಗಿಲನ್ನು ನಡುವಿನ ಒಂದೇ ಚಿಲಕ ತುದಿಗಳಲ್ಲಿ ಒತ್ತಿ ಹಿಡಿಯಲಾರದು. ರಬ್ಬರಿನ ಮೇಲೆ ಮುಂದೆಂದೂ ಬಣ್ಣ ಹೊಡೆಯಬೇಡಿ, ಗಡುಸಾಗುತ್ತದೆ. ಬಣ್ಣದವರು ಕೇಳದೆ ಬಳಿದುಬಿಡುತ್ತಾರೆ, ಮುಂಚೆಯೇ ಹೇಳಿಡಿ.

ಚೌಕಟ್ಟು ಮತ್ತು ಗೋಡೆ ಸೇರುವಲ್ಲಿ ಬಿರುಕಿದ್ದರೆ ಸಡಿಲ ಗಾರೆಯನ್ನು ಕೆರೆದು ತೆಗೆದು, ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ತುಂಬಿ. 280 ಮಿ.ಲೀ. ಟ್ಯೂಬು 5 ಮಿ.ಮೀ. ಅಗಲ, ಅಷ್ಟೇ ಆಳದ ಬಿರುಕಿಗೆ ಸುಮಾರು 11 ಮೀಟರ್ ಬರುತ್ತದೆ, ಒಂದು ಕಿಟಕಿಯ ಒಳ ಹೊರ ಎರಡೂ ಮುಗಿಯುತ್ತದೆ. ಸಿಲಿಕೋನ್ ಸೀಲೆಂಟ್ ಮೇಲೆ ಬಣ್ಣ ನಿಲ್ಲದು. ಬೆರಳು ತೂರುವಷ್ಟು ಸಂದಿಗೆ ಸಿಮೆಂಟ್ ಗಾರೆಯೇ ಸರಿ. ಉಬ್ಬುವ ಫೋಮ್ ತುಂಬಿದರೆ ಅದು ಹಿಗ್ಗಿ ತೆಳು ಚೌಕಟ್ಟನ್ನು ಒಳಕ್ಕೆ ತಳ್ಳುವುದುಂಟು. ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಹೊರಗೆ ಕಿಟಕಿಯ ಕೆಳಗೆ ನೀರು ಇಳಿದುಹೋಗುವ ದಾರಿಯಿದ್ದರೆ ಅದನ್ನು ಮುಚ್ಚಬೇಡಿ.

ಗಾಜಿನ ಕೆಲಸ

ಕೈಯಿಂದ ತಟ್ಟಿದಾಗ ಗಾಜು ಗಡಗಡ ಎಂದರೆ ಪುಟ್ಟಿ ಅಥವಾ ಬೀಡಿಂಗ್ ಪಟ್ಟಿ ಸಡಿಲ. ಒಡೆದ ಪುಟ್ಟಿಯನ್ನು ಉಳಿಯಿಂದ ಮೆಲ್ಲಗೆ ತೆಗೆದು, ಬರಿ ಮರಕ್ಕೆ ಎಣ್ಣೆ ಪ್ರೈಮರ್ ಹಚ್ಚಿ ಒಣಗಿಸಿದ ಮೇಲೆಯೇ ಅಗಸೆ ಎಣ್ಣೆಯ ಹೊಸ ಪುಟ್ಟಿ ಹಾಕಬೇಕು. ಪ್ರೈಮರ್ ಇಲ್ಲದಿದ್ದರೆ ಒಣಮರ ಎಣ್ಣೆ ಹೀರಿಕೊಂಡು ಪುಟ್ಟಿ ಬಿರಿಯುತ್ತದೆ. ಬಣ್ಣಕ್ಕೆ ಮುಂಚೆ ಒಂದೆರಡು ವಾರ ಬಿಡಿ.

ಹೊರಗೆ ನೆರಳು ಕೊಡಲಾಗದ ಕಿಟಕಿಗೆ, ಉದಾಹರಣೆಗೆ ಅಪಾರ್ಟ್‌ಮೆಂಟಿನ ಮೇಲಂತಸ್ತಿನಲ್ಲಿ, ಬಿಸಿಲು ತಡೆಯುವ ಫಿಲ್ಮ್ ಉಪಯೋಗಕ್ಕೆ ಬರುತ್ತದೆ. ಹಳೇ ಮನೆಗಳ ಹರಳು ಗಾಜಿನ ಉಬ್ಬುತಗ್ಗಿನ ಮೈಗೆ ಅದು ಅಂಟುವುದಿಲ್ಲ, ನುಣುಪು ಮೈ ಒಳಗಿದ್ದರಷ್ಟೇ ಸಾಧ್ಯ. ಅಂಚು ಚಕ್ಕೆಯೆದ್ದ ಗಾಜಿಗೂ ತಂತಿ ಹೂತ ಗಾಜಿಗೂ ಕಪ್ಪು ಫಿಲ್ಮ್ ಬೇಡ: ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಉಳಿಯುತ್ತದೆ, ಸೀಳು ಬಿಡುತ್ತದೆ. ಒಂದು ಲೀಟರ್ ನೀರಿಗೆ ಕೆಲವು ಹನಿ ಮಕ್ಕಳ ಶಾಂಪೂ ಬೆರೆಸಿ ಗಾಜಿಗೆ ಚೆನ್ನಾಗಿ ಸಿಂಪಡಿಸಿ, ಫಿಲ್ಮ್ ಕೂರಿಸಿ, ನಡುವಿನಿಂದ ಅಂಚಿಗೆ ನೀರನ್ನು ತಳ್ಳಿ, ಸುತ್ತ 2 ಮಿ.ಮೀ. ಬಿಟ್ಟು ಕತ್ತರಿಸಿ. ಕೆಲವು ವಾರ ಮಂಜುಮಂಜಾಗಿ ಕಾಣುವುದು ಸಹಜ.

ಜೋಡಿಗಾಜಿನ ಆಸೆಯಿದ್ದವರು ಮೊದಲು ಬಾಗಿಲಿನ ದಪ್ಪ ನೋಡಲಿ. ಹಳೇ ಬಾಗಿಲುಗಳ ದಪ್ಪ ಒಂದಿಂಚು ಒಂದೂಕಾಲಿಂಚು. ಮುಕ್ಕಾಲಿಂಚಿನ ಜೋಡಿಗಾಜಿಗೆ ಅಲ್ಲಿ ಜಾಗವಿಲ್ಲ. ಗಾಜಿನ ತೂಕ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆಜಿ. 3 ಮಿ.ಮೀ. ಗಾಜು ಏಳೂವರೆ ಕೆಜಿಯಾದರೆ, 5 ಮಿ.ಮೀ.ಯ ಎರಡು ಗಾಜು 25 ಕೆಜಿ. ಹಳೇ ಹಿಂಜ್ ಇದನ್ನು ಹೊರುವುದಿಲ್ಲ.

ಇದರ ಬದಲು ಒಳಗಡೆ ಇನ್ನೊಂದು ಪದರ ಕೊಡಿ. ನಮ್ಮ ಎಷ್ಟೋ ಮನೆಗಳಲ್ಲಿ ಒಳಕ್ಕೆ ತೆರೆಯುವ ಸೊಳ್ಳೆಜಾಲರಿಯ ಬಾಗಿಲು ಇರುತ್ತದೆ. ಅದಕ್ಕೆ 3 ಮಿ.ಮೀ. ಅಕ್ರಿಲಿಕ್ ಹಾಳೆಯನ್ನು ಕತ್ತರಿಸಿ, ಸಣ್ಣ ತಿರುಗುಗುಂಡಿಗಳಿಂದ ಹಿಡಿಸಿ. ಏಸಿ ಹಾಕುವ ತಿಂಗಳಲ್ಲಿ ಕೂರಿಸಿ, ಉಳಿದಾಗ ತೆಗೆದಿಡಬಹುದು. ನಡುವೆ ನಿಂತ ಗಾಳಿಯಿಂದಾಗಿ ಗಾಜಿನ ಮೈ ದಾಟುವ ಶಾಖ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸ್ಕ್ರೂ ಹಾಕುವುದಾದರೆ 4 ಮಿ.ಮೀ. ಸ್ಕ್ರೂಗೆ 6 ಮಿ.ಮೀ. ತೂತು ಮಾಡಿ, 4 ಅಡಿ ಹಾಳೆ 30 ಡಿಗ್ರಿ ಏರಿಳಿತಕ್ಕೆ ಎರಡೂವರೆ ಮಿ.ಮೀ.ಯಷ್ಟು ಹಿಗ್ಗಿ ಕುಗ್ಗುತ್ತದೆ, ಬಿಗಿದರೆ ಸೀಳುತ್ತದೆ. ಎರಡು ಪದರದ ನಡುವೆ ನೀರು ಬೆವರಿದರೆ ಎಲ್ಲಿಂದ ತೇವ ಬಂತೆಂದು ನೋಡಿ. ಕರಾವಳಿಯ ಏಸಿ ಕೋಣೆಯಲ್ಲಿ ತೇವ ಬರುವುದು ಹೊರಗಿನಿಂದ, ಆದ್ದರಿಂದ ಹೊರಬಾಗಿಲು ಹೆಚ್ಚು ಬಿಗಿಯಿರಬೇಕು. ಮಡಿಕೇರಿಯ ಚಳಿಯಲ್ಲಿ ತೇವ ಒಳಗಿನ ಉಸಿರಿನಿಂದ, ಅಡುಗೆಯಿಂದ ಬರುತ್ತದೆ. ಅಲ್ಲಿ ಒಳಪದರ ಬಿಗಿಯಾಗಿ, ಹೊರಗಿನದು ತುಸು ಸಡಿಲವಾಗಿ ಇರಬೇಕು.

ತೆರೆಯುವ ಹೊತ್ತು, ಮುಚ್ಚುವ ಹೊತ್ತು

ಒಳಗೊಂದು, ಹೊರಗೆ ನೆರಳಿನಲ್ಲೊಂದು ಥರ್ಮಾಮೀಟರ್ ಇಡಿ. ಹೊರಗಿನ ಅಂಕಿ ಒಳಗಿನದನ್ನು ಮೀರಿದೊಡನೆ ಮುಚ್ಚಿ, ಕೆಳಗಿಳಿದೊಡನೆ ಎದುರುಬದುರು ಕಿಟಕಿಗಳನ್ನೂ ಮೇಲಿನ ವೆಂಟಿಲೇಟರನ್ನೂ ತೆರೆಯಿರಿ. ಬಯಲುಸೀಮೆಯ ದಪ್ಪ ಗೋಡೆಯ ಮನೆಗಳಲ್ಲಿ ರಾತ್ರಿ ಹೀಗೆ ಗೋಡೆ ತಣಿದರೆ ಮರುದಿನ ಮಧ್ಯಾಹ್ನದವರೆಗೂ ಅದರ ಫಲ ಸಿಗುತ್ತದೆ. ಸೊಳ್ಳೆಜಾಲರಿಯಲ್ಲಿ ಧೂಳು ಕಟ್ಟಿದ್ದರೆ ಗಾಳಿಯೇ ಬರುವುದಿಲ್ಲ, ಆಗಾಗ ತೊಳೆಯುತ್ತಿರಿ. ಕರಾವಳಿಯಲ್ಲಿ ಏಸಿ ಇಲ್ಲದ ಕೋಣೆಗೆ ಈ ಲೆಕ್ಕ ಬೇರೆ: ಅಲ್ಲಿ ಹಗಲು ರಾತ್ರಿಗಳ ಅಂತರ ಕಡಿಮೆ, ಮೈಗೆ ತಾಕುವ ಗಾಳಿಯೇ ಸುಖ. ಹೊರಗೆ ನೆರಳು ಮಾಡಿ, ಕಿಟಕಿ ತೆರೆದೇ ಇಡಿ. ಅಂಥ ಕೋಣೆಗೆ ರಬ್ಬರ್ ಪಟ್ಟಿಯ ಖರ್ಚೂ ಬೇಡ.

ವರ್ಷಕ್ಕೊಮ್ಮೆ, ಮಳೆ ನಿಂತು ಮರ ಒಣಗಿದ ಮೇಲೆ, ಊದುಬತ್ತಿ ಪರೀಕ್ಷೆಯನ್ನು ಮತ್ತೆ ಮಾಡಿ. ಹೊಗೆ ಅಲ್ಲಾಡಿದ ಕಡೆ ರಬ್ಬರನ್ನು ಬೆರಳಿಂದ ಒತ್ತಿ ನೋಡಿ. ಒತ್ತಿದ ಗುಳಿ ಮೇಲೇಳದಿದ್ದರೆ ಆ ತುಂಡನ್ನಷ್ಟೇ ಕತ್ತರಿಸಿ ಹೊಸದು ಅಂಟಿಸಿದರಾಯಿತು.